ಕಡಲೆಬೇಳೆಯ ಅಳತೆ

ಜೂನ್ ೧೪, ೨೦೨೫, ಶನಿವಾರ

ಅವನಿಗೆ ಜೀವಮಾನದ ಸಾಧನೆಯ ಪ್ರಶಸ್ತಿಯಂತೆ! ಪೇಪರಿನಲ್ಲಿ ಅರ್ಧ ಪುಟ. ತಲೆಗೆ ಪೇಟ, ಹೆಗಲಿಗೆ ಶಾಲು, ಕೈಯಲ್ಲಿ ಫಲಕ, ಮುಖದ ಮೇಲೆ ಅದೇ ತಿಳಿನಗೆ. ‘ಗಡಿಭಾಗದ ಹೆಮ್ಮೆ, ಪ್ರೋಟೀನ್ ವಿಜ್ಞಾನಿ ಪ್ರೊ. ಭಾವುಸಾಹೇಬ ಬಿರನಾಳೆ’ ಎಂದು ದಪ್ಪಕ್ಷರ. ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಕೆನೆಗಟ್ಟಿತ್ತು. ಎದ್ದು ಹೋಗಿ ಚೆಲ್ಲಿಬಿಟ್ಟೆ.

“ಯಾಕ ರಾಜೂ, ಚಾ ಚೆಲ್ಲಿದಿ? ಸಕ್ಕರಿ ಹೆಚ್ಚಾಗಿತ್ತೇನ?” ಎಂದಳು ಅವ್ವ. ಅವಳಿಗೇನು ಹೇಳಲಿ?

ಹದಿನೈದು ವರ್ಷದಿಂದ ದಿನಚರಿ ಬರೆದಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಿಬಿಟ್ಟು ಬೈಯುವ ಹಾಗಿಲ್ಲ. ಕಾಗವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ರಾಜಮತಿ ಮೇಡಂ ಒಂದು ಕೆಟ್ಟ ಮಾತಾಡುವವಳಲ್ಲ ಎಂದು ಉಗಾರ ಬುದ್ರುಕಿಗೆಲ್ಲ ಗೊತ್ತು. ಹಾಗಾಗಿ ಇಲ್ಲಿ ಬೈಯುತ್ತೇನೆ. ಕಳ್ಳ. ಮಾನಗೇಡಿ. ಹಾಡಹಗಲೇ ದೋಚಿದ ಕಳ್ಳ.

ಪ್ರಶಸ್ತಿ ಯಾತಕ್ಕೆ? ನಿಪ್ಪಾಣಿಯ ತಂಬಾಕಿನ ಬೀಜದಲ್ಲಿರುವ ಒಂದು ಪ್ರೋಟೀನಿಗೆ. ಅದನ್ನು ಬೀಜದಿಂದ ಬಿಡಿಸಿದವಳು ನಾನು. ಮೂರು ವರ್ಷ ತಣ್ಣನೆಯ ಕೋಣೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕೂತವಳು ನಾನು. ಎಡಕ್ಕೆ ತಿರುಗುವ ಬೆಳಕನ್ನೂ ಬಲಕ್ಕೆ ತಿರುಗುವ ಬೆಳಕನ್ನೂ ಅದರೊಳಗೆ ಹಾಯಿಸಿ, ಯಾವುದನ್ನು ಎಷ್ಟು ಹೀರುತ್ತದೆಂದು ನೋಡಿ, ಆ ಪ್ರೋಟೀನಿನ ಸರಪಳಿಯಲ್ಲಿ ನೂರಕ್ಕೆ ನಲವತ್ತೆರಡು ಪಾಲು ಮಾತ್ರ ಸುರುಳಿ ಸುತ್ತಿಕೊಂಡಿದೆ ಎಂದು ಕಂಡುಕೊಂಡವಳು ನಾನು. ಅಷ್ಟು ಕಡಿಮೆ ಸುರುಳಿ ಇದ್ದೂ ಕುದಿಯುವ ನೀರಿನಲ್ಲಿ ಕೆಡದ ಪ್ರೋಟೀನು! ಅದೇ ಅದರ ಸೋಜಿಗ. ಅಪ್ಪ ತೀರಿಕೊಂಡರೆಂದು ಇಪ್ಪತ್ತು ದಿನ ಊರಿಗೆ ಬಂದಿದ್ದೆ. ಎರಡು ತಿಂಗಳ ಮೇಲೆ ಪ್ರಬಂಧ ಅಚ್ಚಾಗಿ ಬಂತು, ಅವನೊಬ್ಬನ ಹೆಸರಿನಲ್ಲಿ. ಕೊನೆಯಲ್ಲಿ ಕೃತಜ್ಞತೆಯ ಸಾಲು ನೋಡಿದೆ. ಗಾಜಿನ ಸಾಮಾನು ತೊಳೆಯುವ ಸತ್ಯಪ್ಪನ ಹೆಸರಿತ್ತು. ನನ್ನದಿರಲಿಲ್ಲ.

ಪಿಎಚ್‌ಡಿ ಅಲ್ಲೇ ಬಿಟ್ಟು ಬಂದೆ. ಸಾಯುವುದರೊಳಗೆ ಆ ಪೇಟ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಬೇಕು.

ಜೂನ್ ೨೯, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ಒಬ್ಬ ಹುಡುಗಿ. ಹೆಗಲಲ್ಲಿ ಚೀಲ, ಚಪ್ಪಲಿಯ ತುಂಬ ಕೆಸರು. ಅಕ್ಕೋಳದವಳಂತೆ, ಹೆಸರು ಸ್ನೇಹಲ. ಅವನ ಬಳಿ ಪಿಎಚ್‌ಡಿ ಮಾಡುತ್ತಿದ್ದಾಳೆ ಎಂದಾಗ ಒಳಗೆ ಕರೆಯುವುದೋ ಬೇಡವೋ ಎಂದು ಒಂದು ಗಳಿಗೆ ಹಾಗೇ ನಿಂತೆ. ಅವ್ವ ಅಷ್ಟರಲ್ಲಿ ನೀರು ತಂದು ಕೊಟ್ಟಾಗಿತ್ತು.

“ಸತ್ಯಪ್ಪ ಕಾಕಾ ನಿಮ್ಮ ಊರ ಹೇಳಿದ್ರು, ಮೇಡಂ. ತಂಬಾಕ ಬೀಜದ ಕೆಲಸ ಖರೇ ಮಾಡಿದಾಕಿ ರಾಜಮತಿಬಾಯಿ ಅಂತ ಅಂದ್ರು. ಆ ನಲವತ್ತೆರಡ ನೀವ ತಗದದ್ದಂತಲ್ರಿ?”

ಹದಿನೈದು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದರು. ಹೌದು ಎಂದೆ.

“ನನಗ ಅರವತ್ತಮೂರ ಬರಾಕತ್ತೈತ್ರಿ. ಹನ್ನೊಂದ ಸಲ ಮಾಡೇನಿ. ಹನ್ನೊಂದೂ ಸಲ ಅರವತ್ತಮೂರ. ಸರ್ ಅಂತಾರ, ನಿನ್ನ ಕೈಯಾಗ ದೋಷ ಐತಿ, ನಲವತ್ತೆರಡ ಬರೋ ತನಕ ಥೀಸಿಸ್ ಮ್ಯಾಲ ಸಹಿ ಮಾಡಂಗಿಲ್ಲ ಅಂತ.”

“ಎಷ್ಟ ವರ್ಷ ಆತು?”

“ಐದ ಮುಗದು ಆರನೇದ್ರಿ. ಡಿಸೆಂಬರ್‌ದಾಗ ನನ್ನ ನೋಂದಣಿನೂ ಮುಗೀತೈತಿ. ಆಮ್ಯಾಲ ಆರೂ ವರ್ಷ ನೀರಾಗ ಹೋಮ ಮಾಡಿದಂಗ.” ಅತ್ತಾಳು ಅಂದುಕೊಂಡೆ, ಅಳಲಿಲ್ಲ. ಚೀಲದಿಂದ ವಹಿ ತೆಗೆದು ನನ್ನ ಮುಂದೆ ಇಟ್ಟಳು. “ನೀವೊಮ್ಮಿ ನೋಡ್ರಿ. ನಾ ಎಲ್ಲಿ ತಪ್ಪೇನಿ ಹೇಳ್ರಿ.”

ನೋಡಿದೆ. ಒಳ್ಳೆಯ ಕೆಲಸ. ಸುರುಳಿ ಇರುವ ಪ್ರೋಟೀನಿನ ಗೆರೆಗೆ ಇರಬೇಕಾದ ಎರಡು ತಗ್ಗುಗಳು ಅಚ್ಚು ಹೊಡೆದ ಹಾಗೆ ಬಂದಿವೆ. ಎಲ್ಲೂ ತಪ್ಪಿಲ್ಲ ಎಂದೆ. ಅವಳ ಮುಖ ಇನ್ನಷ್ಟು ಇಳಿಯಿತು. ತಪ್ಪು ಸಿಕ್ಕಿದ್ದರೆ ತಿದ್ದಿಕೊಳ್ಳುತ್ತಿದ್ದಳು, ಪಾಪ.

ಜೂನ್ ೩೦

ನಿದ್ದೆಯಿಂದ ಎದ್ದಾಗಲೇ ಹೊಳೆಯಿತು. ಹುಡುಗಿಯದು ಸರಿಯಾದರೆ ಅವನದು ತಪ್ಪು! ಅವನ ನಲವತ್ತೆರಡು ತಪ್ಪು! ಕಡಿಮೆ ಸುರುಳಿ ಇಲ್ಲ, ಸೋಜಿಗ ಇಲ್ಲ, ಏನೂ ಇಲ್ಲ. ಎಲ್ಲ ಪ್ರೋಟೀನುಗಳ ಹಾಗೆ ಇನ್ನೊಂದು ಪ್ರೋಟೀನು. ಹದಿನೈದು ವರ್ಷ ದೇಶವೆಲ್ಲ ತಿರುಗಿ ಭಾಷಣ ಬಿಗಿದದ್ದು ಇಲ್ಲದ್ದರ ಮೇಲೆ.

ಕಾಲೇಜಿನಲ್ಲಿ ಇವತ್ತು ಪಾಠ ಮಾಡುತ್ತ ನಗುತ್ತಿದ್ದೆನಂತೆ. “ಮೇಡಂ ಇವತ್ತ ಖುಷಿ ಅದಾರ” ಎಂದು ಮುಂದಿನ ಬೆಂಚಿನವರು ಪಿಸುಗುಟ್ಟಿದರು.

ಜುಲೈ ೬, ಭಾನುವಾರ

ಅವ್ವ ಝುಣಕ ಮಾಡಲು ಕಡಲೆಹಿಟ್ಟು ಕಲಸುತ್ತಿದ್ದಳು. ಪಕ್ಕದಲ್ಲಿ ಮೆಣಸಿನಕಾಯಿ ಹೆಚ್ಚುತ್ತ ಕೂತಿದ್ದವಳು ಈಳಿಗೆಯ ಮುಂದಿನಿಂದ ಎದ್ದುಬಿಟ್ಟೆ.

ಅಯ್ಯೋ ದೇವರೇ. ಆ ನಲವತ್ತೆರಡು.

ಇದನ್ನು ಅವ್ವನಿಗೆ ಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲಿಯಾದರೂ ಬರೆಯಬೇಕು. ಬೆಳಕು ಹಾಯಿಸಿದರೆ ಸಾಲದು, ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂದು ಕರಾರುವಾಕ್ಕಾಗಿ ಗೊತ್ತಿರಬೇಕು. ಅದನ್ನು ಅಳೆಯಲು, ತೂಕ ಗೊತ್ತಿರುವ ಇನ್ನೊಂದು ಪ್ರೋಟೀನನ್ನು ಪಕ್ಕದಲ್ಲಿ ಇಟ್ಟು ಬಣ್ಣ ಹಾಕಿ ಹೋಲಿಸುತ್ತಾರೆ. ಜಗತ್ತಿನಲ್ಲೆಲ್ಲ ಅದಕ್ಕೆ ಬಳಸುವುದು ದನದ ರಕ್ತದ ಅಲ್ಬುಮಿನ್. ಕಸಾಯಿಖಾನೆಯಿಂದ ಬರುವುದು. ನಾನು ವಿಶ್ವವಿದ್ಯಾಲಯಕ್ಕೆ ಹೊರಟ ದಿನ ಅವ್ವ ಕೈ ಹಿಡಿದು, “ಏನರ ಕಲಿಯವ್ವಾ, ಆದ್ರ ಕೊಂದ ಜೀವದ್ದು ಮಾತ್ರ ಮುಟ್ಟಬ್ಯಾಡ” ಎಂದಿದ್ದಳು. ಆಗಲಿ ಎಂದಿದ್ದೆ. ಜೈನರ ಮನೆಯಲ್ಲಿ ಹುಟ್ಟಿದವಳು, ನೀರನ್ನೂ ಸೋಸಿ ಕುಡಿದು ಬೆಳೆದವಳು. ಆ ಬಾಟಲಿ ಕೈಗೆತ್ತಿಕೊಳ್ಳಲು ಆಗಲೇ ಇಲ್ಲ. ಹೇಳಿದರೆ ಅವನು ನಗುತ್ತಾನೆ. ಅವನೂ ನಮ್ಮವನೇ, ಆದರೆ ಬಸದಿಯ ಸಂಗತಿ ಬಸದಿಯಲ್ಲಿ ಇರಲಿ ಎನ್ನುವವನು. ಹಾಗಾಗಿ ಅವ್ವ ಬೀಸಿ ಕೊಟ್ಟ ಕಡಲೆಬೇಳೆಯ ಹಿಟ್ಟನ್ನು ಉಪ್ಪುನೀರಿನಲ್ಲಿ ಕದಡಿ, ಅದರ ಪ್ರೋಟೀನು ಕೆಳಗಿಳಿಸಿ, ತೊಳೆದು ಒಣಗಿಸಿ, ಅದನ್ನೇ ತೂಗಿ ಅಳತೆಗೆ ಇಟ್ಟೆ. ವಹಿಯಲ್ಲಿ ಮಾತ್ರ ‘ಅಲ್ಬುಮಿನ್’ ಎಂದು ಬರೆದೆ.

ಸುಳ್ಳು ಬರೆದೆ. ಮೂರು ವರ್ಷ, ಪ್ರತಿ ಪುಟದಲ್ಲಿ.

ಜುಲೈ ೭

ಕಾಲೇಜಿನ ಪ್ರಯೋಗಾಲಯದಲ್ಲಿ ಹಾಗೇ ಮತ್ತೆ ಮಾಡಿದೆ. ಅದೇ ಹಿಟ್ಟು, ಅದೇ ಉಪ್ಪುನೀರು, ಅಷ್ಟೇ ಸಲ ತೊಳೆದೆ. ಒಣಗಿದ ಪುಡಿ ಮುನ್ನೂರು ಮಿಲಿಗ್ರಾಂ ತೂಗಿ, ಮೂಸೆಯಲ್ಲಿ ಹಾಕಿ ಕೆಂಪಗೆ ಕಾಯಿಸಿದೆ. ಪ್ರೋಟೀನಾಗಿದ್ದರೆ ಸುಟ್ಟು ಹೋಗಬೇಕು. ತಳದಲ್ಲಿ ಬೆಳ್ಳಗೆ ನೂರು ಮಿಲಿಗ್ರಾಂ ಉಳಿಯಿತು. ಉಪ್ಪು.

ಮೂರರಲ್ಲಿ ಒಂದು ಪಾಲು ಉಪ್ಪನ್ನು ಪ್ರೋಟೀನೆಂದು ತೂಗಿದ್ದೆ. ಅಂದರೆ ದ್ರಾವಣದಲ್ಲಿ ಇದ್ದದ್ದಕ್ಕಿಂತ ಒಂದೂವರೆ ಪಟ್ಟು ಪ್ರೋಟೀನು ಇದೆ ಎಂದು ಲೆಕ್ಕ ಹಾಕಿದೆ, ಸುರುಳಿ ಕಡಿಮೆ ಕಂಡಿತು. ನಲವತ್ತೆರಡನ್ನು ಒಂದೂವರೆಯಿಂದ ಗುಣಿಸಿದರೆ ಅರವತ್ತಮೂರು. ಅಕ್ಕೋಳದ ಹುಡುಗಿಯ ಅರವತ್ತಮೂರು.

ಅವನು ಕದ್ದದ್ದು ನನ್ನ ತಪ್ಪನ್ನು. ಆಹಾ! ಕದ್ದ ಮಾಲು ಖೋಟಾ ಎಂದು ಕಳ್ಳನಿಗೂ ಗೊತ್ತಿಲ್ಲ. ಯಾಕೆ ತಪ್ಪು ಎಂದು ಭೂಮಿಯ ಮೇಲೆ ಗೊತ್ತಿರುವುದು ನನಗೊಬ್ಬಳಿಗೇ.

ಜುಲೈ ೧೩, ಭಾನುವಾರ

ಹುಡುಗಿ ಮತ್ತೆ ಬಂದಿದ್ದಳು. ಇನ್ನೂ ಮೂರು ಸಲ ಮಾಡಿದ್ದಾಳೆ, ಮತ್ತೆ ಅದೇ. ಅವನು ಎಲ್ಲರ ಮುಂದೆ, “ರೈತರ ಮಕ್ಕಳಿಗೆ ಈ ಯಂತ್ರ ತಿಳಿಯೂದಿಲ್ಲ, ಟ್ರ್ಯಾಕ್ಟರ್ ಹೊಡಿಯಾಕ ಹೋಗು” ಎಂದನಂತೆ. ಹೇಳುವಾಗ ಅವಳ ಮೂಗಿನ ತುದಿ ಕೆಂಪಾಗಿತ್ತು. ಉಣ್ಣದೆ ಹೋಗಲು ಅವ್ವ ಬಿಡಲಿಲ್ಲ.

ಕಾರಣ ಹೇಳಲಿಲ್ಲ. ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಹೋಗಿ ಅವನಿಗೆ ಹೇಳುತ್ತಾಳೆ, ಅವನು ತಿಳಿನಗೆ ನಕ್ಕು ಸದ್ದಿಲ್ಲದೆ ತಿದ್ದಿಕೊಳ್ಳುತ್ತಾನೆ. “ಗ್ರಾಫಿನ ಪ್ರತಿ ಬಿಟ್ಟ ಹೋಗು, ನಿಧಾನಕ ನೋಡ್ತೇನಿ” ಎಂದೆ. ಬಿಟ್ಟು ಹೋದಳು.

ಜುಲೈ ೨೧, ಸೋಮವಾರ

ಕಳಿಸಿದೆ! ಪ್ರಬಂಧ ಅಚ್ಚು ಹಾಕಿದ ಪತ್ರಿಕೆಯ ಸಂಪಾದಕರಿಗೊಂದು ದೂರು, ವಿಶ್ವವಿದ್ಯಾಲಯಕ್ಕೊಂದು. ಈ ಪ್ರಬಂಧದ ಕೆಲಸ ನನ್ನದು, ಕಳವಾಗಿದೆ, ಇಗೋ ನನ್ನ ವಹಿಯ ಪುಟಗಳು. ಎರಡನೆಯದು, ಅದರ ಮುಖ್ಯ ಅಂಕಿ ತಪ್ಪು, ಇಗೋ ಅವನದೇ ಪ್ರಯೋಗಾಲಯದ ಹದಿನಾಲ್ಕು ಗ್ರಾಫು. ಮೂರನೆಯದು, ಪ್ರಯೋಗ ತಾನೇ ಮಾಡಿದೆ ಎನ್ನುವವನು ಆ ಅಂಕಿ ಯಾಕೆ ತಪ್ಪಾಯಿತೆಂದು ಹೇಳಲಿ. ಹೇಳಲಿ ನೋಡೋಣ! ಕಡಲೆಬೇಳೆಯ ಸುದ್ದಿ ಒಂದಕ್ಷರವೂ ಇಲ್ಲ. ಒದ್ದಾಡಲಿ ಮಗ.

ಗ್ರಾಫು ಸೇರಿಸುವ ಮುಂಚೆ ಹುಡುಗಿಯನ್ನು ಕೇಳಬಹುದಿತ್ತು. ಕೇಳಿದ್ದರೆ ಹೆದರಿ ಬೇಡ ಎನ್ನುತ್ತಿದ್ದಳು. ಅವಳ ಒಳ್ಳೆಯದಕ್ಕೂ ಇದೇ ದಾರಿ. ಹೆಸರು ಹಾಕಿಲ್ಲ, ಅವಳಿಗೆ ತೊಂದರೆ ಆಗದಿರಲಿ ಎಂದು.

ಆಗಸ್ಟ್ ೧೦, ಭಾನುವಾರ

ಬಂದಿದ್ದ. ನಮ್ಮ ಮನೆಗೆ, ನನ್ನ ಮನೆಗೆ, ತಾನಾಗಿ ಬಂದಿದ್ದ. ಕಾರನ್ನು ಕಬ್ಬಿನ ಗದ್ದೆಯ ಹತ್ತಿರ ನಿಲ್ಲಿಸಿ ಕೆಸರಿನಲ್ಲಿ ನಡೆದು ಬಂದ. ಮುದುಕನಾಗಿದ್ದಾನೆ. ಅವ್ವನಿಗೆ ಏನೂ ಗೊತ್ತಿಲ್ಲ. ಮಗಳ ಗುರುಗಳು ಎಂದು ಒಳ್ಳೆಯ ಜಮಖಾನೆ ಹಾಸಿ, “ಹೊತ್ತ ಮುಳಗೂದ್ರಾಗ ಊಟಾ ಮಾಡ್ಕೊಂಡ ಹೋಗ್ರಿ ಸರ್” ಎಂದು ದುಂಬಾಲು ಬಿದ್ದಳು. ನನಗೆ ಮೈಯೆಲ್ಲ ಉರಿ.

ಅವ್ವ ಒಳಗೆ ಹೋದ ಮೇಲೆ ದನಿ ತಗ್ಗಿಸಿದ.

“ತಪ್ಪಾಗೈತಿ ರಾಜಮತಿ. ಆವಾಗ ಪ್ರೊಫೆಸರ್ ಹುದ್ದೆದ ಸಂದರ್ಶನ ಇತ್ತು, ಒಬ್ಬನ ಹೆಸರಲೆ ಒಂದ ಪ್ರಬಂಧ ಬೇಕಾಗಿತ್ತು. ಈಗ ತಿದ್ದುಪಡಿ ಹಾಕಸ್ತೇನಿ. ನಿನ್ನ ಹೆಸರ ಮೊದಲ ಇರತೈತಿ. ಆ ಹುಡುಗಿ ಥೀಸಿಸ್ಸಿಗೆ ನಾಳಿನ ಸಹಿ ಮಾಡ್ತೇನಿ, ಅರವತ್ತಮೂರ ಇದ್ರೂ ಅಡ್ಡಿ ಇಲ್ಲ. ಕೊಟ್ಟ ದೂರ ಅಷ್ಟ ಹಿಂದ ತಗೋ.”

“ಎಲ್ಲಾರ ಮುಂದ ಹೇಳ್ತೀರೇನ್ರಿ, ಕದ್ದೇನಿ ಅಂತ?”

ನೆಲ ನೋಡಿದ. “ಅದೊಂದ ಬಿಟ್ಟ ಏನರ ಕೇಳು.”

“ನನಗ ಅದೊಂದ ಬೇಕಾಗೇತ್ರಿ.”

ಎದ್ದು ಹೋಗುವಾಗ ತಡೆಯಲಾರದೆ ಕೇಳಿದ. “ನಲವತ್ತೆರಡ ಹೆಂಗ ಬಂತು? ಮೂರ ವಾರ ಆತು, ನನಗ ತಿಳೀವಲ್ದು. ನೀ ಏನ ಮಾಡಿದ್ದಿ?”

“ನಾ ಎ‌ಲ್ಲಿ ಮಾಡೇನ್ರಿ? ನೀವ ಮಾಡೇನಿ ಅಂತ ಅಚ್ಚ ಹಾಕಿಸೀರಲ್ರಿ. ನಿಮಗ ಗೊತ್ತಿರಬೇಕು.”

ಅವನ ಮುಖ ನೋಡಬೇಕಿತ್ತು! ಹದಿನೈದು ವರ್ಷದ ಹೊಟ್ಟೆಯುರಿ ಒಂದು ಕ್ಷಣ ತಣ್ಣಗಾಯಿತು. ನನ್ನ ಹೆಸರು, ಹುಡುಗಿಯ ಸಹಿ, ಎರಡೂ ಕೈಗೆ ಬಂದಿದ್ದವು, ನಿಜ. ಬೇಡ ಎಂದೆ. ಅವನು ಕದ್ದುಮುಚ್ಚಿ ಕೊಡುವ ಭಿಕ್ಷೆ ನನಗೆ ಬೇಡ. ವಿಜ್ಞಾನದ ಪ್ರಶ್ನೆ ಇದು.

ಆಗಸ್ಟ್ ೨೪, ಭಾನುವಾರ

ಸ್ನೇಹಲ ಫೋನ್ ಮಾಡಿದ್ದಳು. ವಿಶ್ವವಿದ್ಯಾಲಯ ಮೂವರ ಸಮಿತಿ ಮಾಡಿದೆ. ಮೊದಲು ಕರೆದದ್ದು ಅವನನ್ನಲ್ಲ, ಅವಳನ್ನು.

“ನನ್ನ ಗ್ರಾಫ್ ನಿಮ್ಮ ಪತ್ರದಾಗ ಹೆಂಗ ಬಂದೂವ್ರಿ ಮೇಡಂ?” ಎಂದಳು. ಕೂಗಲಿಲ್ಲ, ಸುಮ್ಮನೆ ಕೇಳಿದಳು. “ಲ್ಯಾಬಿನ ಅಂಕಿಸಂಖ್ಯೆ ಕದ್ದ ಹೊರಗ ಕೊಟ್ಟಾಳ ಅಂತ ಸರ್ ಬರದ ಕೊಟ್ಟಾರ. ಸಮಿತಿಯವರು ಅಂತಾರ, ಒಂದ ಕಡೆ ಹದಿನೈದ ವರ್ಷದಿಂದ ಎಲ್ಲಾರೂ ಒಪ್ಪಿದ ನಲವತ್ತೆರಡ, ಒಂದ ಕಡೆ ನಿನ್ನ ಅರವತ್ತಮೂರ. ಅದು ಯಾಕ ತಪ್ಪ ಅನ್ನೂದನ್ನ ತೋರಸು, ಇಲ್ಲಂದ್ರ ನಿಂದ ತಪ್ಪು. ಸಪ್ಟೆಂಬರ್ ಇಪ್ಪತ್ತರ ಒಳಗ ತೋರಸಬೇಕ್ರಿ. ಇಲ್ಲಂದ್ರ ನೋಂದಣಿ ರದ್ದು.”

ಏನೋ ಸಮಾಧಾನ ಹೇಳಿ ಇಟ್ಟೆ.

ನಾನೇನು ಮಾಡಲಿ? ಬಾಯಿಬಿಟ್ಟರೆ ಅವನು ಉಳಿದುಕೊಳ್ಳುತ್ತಾನೆ. ‘ವಿದ್ಯಾರ್ಥಿನಿ ಸುಳ್ಳು ಬರೆದಿದ್ದಳು, ನಾನು ನಂಬಿ ಕೆಟ್ಟೆ’ ಎಂದು ಕಣ್ಣೊರೆಸಿಕೊಳ್ಳುತ್ತಾನೆ, ಜನ ಅಯ್ಯೋ ಪಾಪ ಎನ್ನುತ್ತಾರೆ. ಸ್ನೇಹಲ ಚಿಕ್ಕವಳು. ಇನ್ನೊಂದು ದಾರಿ ನೋಡಿಕೊಳ್ಳುತ್ತಾಳೆ. ನಾನು ನೋಡಿಕೊಳ್ಳಲಿಲ್ಲವೇ?

ಆಗಸ್ಟ್ ೨೮, ಗುರುವಾರ

ಇವತ್ತಿನಿಂದ ದಶಲಕ್ಷಣ ಪರ್ವ. ಅವ್ವನಿಗೆ ಹತ್ತು ದಿನ ಒಪ್ಪತ್ತು. ಮೊದಲ ದಿನ ಕ್ಷಮೆಯದು. ಬಸದಿಯಲ್ಲಿ ಕ್ಷಮೆಯ ಬಗ್ಗೆ ಒಂದು ತಾಸು ಪ್ರವಚನ. ನಾನು ಕಂಬಕ್ಕೆ ಒರಗಿ, ಸಮಿತಿಯ ಮುಂದೆ ಅವನು ತಡವರಿಸುವುದನ್ನು ಮನಸ್ಸಿನಲ್ಲೇ ನೋಡುತ್ತ ಕೂತಿದ್ದೆ. ಹಿತವಾಗಿತ್ತು.

ಸೆಪ್ಟೆಂಬರ್ ೧

ಐದನೆಯ ದಿನ, ಸತ್ಯದ್ದು. ತಲೆನೋವೆಂದು ಹೋಗಲಿಲ್ಲ.

ಸ್ನೇಹಲ ಎರಡು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ಕ್ಷಮಾವಾಣಿ. ಬೆಳಿಗ್ಗೆಯಿಂದ ಕೈಮುಗಿದು ಮುಗಿದು ಸಾಕಾಯಿತು. ‘ತಿಳಿದೋ ತಿಳಿಯದೆಯೋ ಏನಾದರೂ ನೋಯಿಸಿದ್ದರೆ ಕ್ಷಮಿಸಿ’ ಎಂದು ಬಸದಿಯಲ್ಲಿ ಹೇಳಿದೆ, ಓಣಿಯಲ್ಲಿ ಹೇಳಿದೆ, ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಮನೆಯ ಸುಂದರಾಬಾಯಿಗೂ ಹೇಳಿದೆ. ಅವನಿಂದಲೂ ವಾಟ್ಸಾಪಿನಲ್ಲಿ ಬಂತು, ಕಮಲದ ಚಿತ್ರ ಇರುವ ಕ್ಷಮೆ. ಊರಿಗೆಲ್ಲ ಕಳಿಸಿದ್ದನ್ನೇ ನನಗೂ ಕಳಿಸಿದ್ದಾನೆ! ಅಳಿಸಿ ಹಾಕಿದೆ.

ಮಧ್ಯಾಹ್ನ ಸ್ನೇಹಲ ಬಂದಳು. ಫೋನ್ ಎತ್ತದಿದ್ದರೆ ಬಸ್ಸು ಹತ್ತಿ ಬರುವವಳು ಅವಳು. ಸೊರಗಿದ್ದಾಳೆ. ಅವ್ವ ತಟ್ಟೆ ಹಾಕಿ, ಪಕ್ಕದಲ್ಲಿ ಕೂತು, ಹಬ್ಬದ ಹುರುಪಿನಲ್ಲಿ ಮಗಳ ಗುಣಗಾನಕ್ಕೆ ಶುರುವಿಟ್ಟಳು.

“ನಮ್ಮ ರಾಜೂನ ಧರ್ಮ ದೊಡ್ಡದವ್ವಾ. ಅಲ್ಲಿ ಎಲ್ಲಾರೂ ದನದ ರಕ್ತದ ಪುಡಿ ಹಾಕಿ ಏನೋ ತೂಕಾ ಮಾಡ್ತಿದ್ರಂತ. ಇಕಿ ಮುಟ್ಟಲಿಲ್ಲ ನೋಡು! ನಾನ ಕಡಲಿಬ್ಯಾಳಿ ಬೀಸಿ ಕೊಡ್ತಿದ್ದೆ. ಅದನ್ನ ಉಪ್ಪನೀರಾಗ ಕಲಿಸಿ ಒಣಗಿಸಿ, ಅದರ ಮ್ಯಾಲ ಎಲ್ಲಾ ತೂಕಾ ಮಾಡಿದ್ಲು. ಮೂರ ವರ್ಷ!”

ಸ್ನೇಹಲಳ ಕೈ ತುತ್ತಿನ ಸಮೇತ ತಟ್ಟೆಯ ಮೇಲೆ ನಿಂತಿತು. ನನ್ನ ಕಡೆ ನೋಡಲಿಲ್ಲ. ಗೋಡೆ ನೋಡುತ್ತಿದ್ದಳು, ತುಟಿ ಅಲುಗುತ್ತಿತ್ತು. ಗುಣಾಕಾರ ಮಾಡುತ್ತಿದ್ದಳು. ಆಮೇಲೆ ತಟ್ಟೆಯಲ್ಲಿದ್ದದ್ದನ್ನು ಒಂದಗುಳು ಬಿಡದೆ ಉಂಡು, ಅವ್ವನ ಕಾಲಿಗೆ ನಮಸ್ಕಾರ ಮಾಡಿ ಹೊರಟಳು. ಬಸ್‌ಸ್ಟ್ಯಾಂಡಿನ ತನಕ ನಾನೂ ಹೋದೆ.

“ಉಪ್ಪ ಎಷ್ಟಿತ್ರಿ?” ಎಂದಳು ಅರ್ಧ ದಾರಿಗೆ ಬಂದಾಗ.

“ಮೂರರಾಗ ಒಂದ ಪಾಲು.”

“ಯಾವಾಗಿಂದ ಗೊತ್ತಿತ್ರಿ ನಿಮಗ?”

“ಜುಲೈ ಏಳರಿಂದ.”

ನಿಂತುಬಿಟ್ಟಳು. ಕಬ್ಬಿನ ಟ್ರ್ಯಾಕ್ಟರೊಂದು ಹಾದು ಹೋಗುವ ತನಕ ಹಾಗೇ ನಿಂತಿದ್ದಳು. ಈಗ ಬೈಯುತ್ತಾಳೆ, ಬೈಯಲಿ, ಉತ್ತರ ಕೊಡೋಣ ಎಂದು ಸೆರಗು ಬಿಗಿದುಕೊಂಡೆ. ಬೈಯಲಿಲ್ಲ.

“ಈಗ ನಿನ್ನ ಕೈಯಾಗ ಬಂತಲ್ಲ,” ಎಂದೆ ನಾನೇ, ಸಿಟ್ಟಿನಲ್ಲಿ. “ಹೋಗು, ಸಮಿತಿ ಮುಂದ ಹೇಳು. ಉಳಕೋತಿ.”

“ನಾ ಹೆಂಗ ಹೇಳ್ಲಿರಿ ಮೇಡಂ? ಅದು ನಿಮ್ಮ ಪ್ರಯೋಗ. ನಿಮ್ಮ ಅಳತಿ. ನಿಮ್ಮನ್ನ ಕೇಳದ ಒಯ್ದ ಇನ್ನೊಬ್ಬರ ಮುಂದ ಇಡಾಕ ನನಗ ಬರಂಗಿಲ್ಲ.” ಚೀಲ ಹೆಗಲಿಗೇರಿಸಿಕೊಂಡು ಅಂದಳು, “ನೀವ ಹೇಳಿದ್ರ ಹೇಳ್ರಿ. ಇಲ್ಲಂದ್ರ ಇಲ್ಲ.”

ಬಸ್ಸು ಬಂತು, ಹತ್ತಿ ಹೋದಳು. ಬೆಳಿಗ್ಗೆಯಿಂದ ಊರಿಗೆಲ್ಲ ಹೇಳಿದ ಮಾತು ಅವಳಿಗೊಬ್ಬಳಿಗೆ ಹೇಳಲು ಬಾಯಿ ಬರಲಿಲ್ಲ. ಅವಳಿಗೆ ನಾನು ತಿಳಿಯದೆ ಮಾಡಿದ್ದು ಏನೂ ಇಲ್ಲ. ಎರಡು ಬೈಗುಳ ಬೈದು ಹೋಗಿದ್ದರೆ ಚೆನ್ನಾಗಿತ್ತು, ಹಾಳಾದ ಹುಡುಗಿ.

ಸೆಪ್ಟೆಂಬರ್ ೯

ಸಮಿತಿಗೆ ಪತ್ರ ಬರೆದೆ. ಹರಿದೆ.

ಸೆಪ್ಟೆಂಬರ್ ೧೧

ಮತ್ತೆ ಬರೆದೆ. ಬರೆಯುವಾಗ ಹಲ್ಲು ಕಡಿಯುತ್ತಿದ್ದೆ. ಅವನು ಉಳಿದುಕೊಳ್ಳುತ್ತಾನೆ, ಖಂಡಿತ ಉಳಿದುಕೊಳ್ಳುತ್ತಾನೆ. ಹಾಳಾಗಿ ಹೋಗಲಿ. ಕಳಿಸಿದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಒಂದು ಡಬ್ಬಿಯಲ್ಲಿ ಕಡಲೆಬೇಳೆಯ ಪುಡಿ, ಇನ್ನೊಂದರಲ್ಲಿ ಸುಟ್ಟ ಮೇಲೆ ಉಳಿದ ಉಪ್ಪು ತೆಗೆದುಕೊಂಡು ಹೋಗಿದ್ದೆ. ಮೂವರೂ ಹಿರಿಯರು ಬಗ್ಗಿ ಬಗ್ಗಿ ನೋಡಿದರು. ಸ್ನೇಹಲ ಹಲಗೆಯ ಮೇಲೆ ಲೆಕ್ಕ ಬರೆದಳು. ನಲವತ್ತೆರಡರಿಂದ ಹೊರಟು ಅರವತ್ತಮೂರಕ್ಕೆ ಬಂದು ನಿಲ್ಲಿಸಿದಳು. ಅವನು ಎದುರಿಗೆ ಕೂತಿದ್ದ.

“ನಿಮ್ಮ ವಹಿಯಲ್ಲಿ ಅಲ್ಬುಮಿನ್ ಎಂದಿದೆಯಲ್ಲ?” ಎಂದು ಅಧ್ಯಕ್ಷರು ಕೇಳಿದರು.

“ಸುಳ್ಳು ಬರೆದಿದ್ದೆ” ಎಂದೆ. ಅದನ್ನೂ ಬರೆದುಕೊಂಡರು.

ಸಂಜೆಗೆ ತೀರ್ಮಾನ. ಸ್ನೇಹಲಳ ಕೆಲಸದಲ್ಲಿ ದೋಷವಿಲ್ಲ. ಬೇರೆ ಮಾರ್ಗದರ್ಶಕರು ಸಹಿ ಮಾಡುತ್ತಾರೆ, ನವೆಂಬರಿನಲ್ಲಿ ಥೀಸಿಸ್ ಕೊಡಬಹುದು. ಆ ಹಳೆಯ ಪ್ರಬಂಧ ವಾಪಸು. ಕಳವಿನ ವಿಷಯ? ಸುಳ್ಳಿದೆ ಎಂದು ಬರೆದವಳೇ ಒಪ್ಪಿದ ವಹಿಯನ್ನು ಸಾಕ್ಷಿಯಾಗಿ ಹಿಡಿಯಲು ಬರುವುದಿಲ್ಲವಂತೆ. ಪ್ರೊ. ಬಿರನಾಳೆಯವರು ವಿದ್ಯಾರ್ಥಿನಿಯನ್ನು ನಂಬಿ ಮೋಸಹೋದರಂತೆ! ನನ್ನ ಮೇಲೆ ಕಾಲೇಜಿಗೆ ಪತ್ರ ಹೋಗುತ್ತದೆ. ಪೇಟ ಅವನ ತಲೆಯ ಮೇಲೇ ಉಳಿಯಿತು.

ಮೆಟ್ಟಿಲ ಬಳಿ ಹಿಂದೆಯೇ ಬಂದ. “ನನ್ನ ಉಳಿಸಿದಿ ರಾಜಮತಿ. ಕ್ಷಮಾವಾಣಿನೂ ಆಗೇತಿ. ಇನ್ನ ಮನಸಿನ್ಯಾಗ ಏನೂ ಇಟ್ಕೋಬ್ಯಾಡ.”

“ಇಟ್ಕೊಂಡೇನ್ರಿ ಸರ್” ಎಂದೆ. “ಎಲ್ಲಾ ಇಟ್ಕೊಂಡೇನಿ. ಉಳಿಸಿದ್ದು ನಿಮ್ಮನ್ನಲ್ಲ.”

ಚಿಕ್ಕೋಡಿಯ ತನಕ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಅಲ್ಲಿ ಸ್ನೇಹಲ ನಿಪ್ಪಾಣಿಯ ಬಸ್ಸು ಹಿಡಿಯುವ ಮುಂಚೆ ಥೀಸಿಸ್ಸಿನ ಮೂರನೇ ಅಧ್ಯಾಯ ಕೈಗಿಟ್ಟು, “ಕೆಂಪ ಪೆನ್ನಿಲೆ ತಿದ್ದರಿ ಮೇಡಂ, ಮರ್ಯಾದಿ ನೋಡಬ್ಯಾಡ್ರಿ” ಎಂದಳು.

ಒಬ್ಬಳೇ ಆದ ಮೇಲೆ, ಅವನಿಗೆ ಇನ್ನು ಏನು ಮಾಡಬಹುದು ಎಂದು ಊರು ಮುಟ್ಟುವುದರೊಳಗೆ ಸರಿಯಾಗಿ ಯೋಚಿಸಬೇಕೆಂದುಕೊಂಡೆ. ಪೇಪರಿನವರಿಗೆ ಬರೆಯಬಹುದು. ಪ್ರಶಸ್ತಿ ಕೊಟ್ಟವರಿಗೂ ಬರೆಯಬಹುದು. ಅಷ್ಟರಲ್ಲಿ ಎರಡನೇ ಪುಟದಲ್ಲೇ ಒಂದು ಕೋಷ್ಟಕ ತಲೆಕೆಳಗಾಗಿ ಕಂಡಿತು, ಅದಕ್ಕೊಂದು ಗೆರೆ ಹಾಕಿದೆ. ಕೃಷ್ಣೆಯ ಸೇತುವೆ ಯಾವಾಗ ದಾಟಿತೋ. ಕಂಡಕ್ಟರ್, “ಬಾಯಾರ, ಉಗಾರ ಬಂತ್ರಿ, ಇಳೀರಿ” ಎಂದು ಕೂಗಿದಾಗ ಹನ್ನೆರಡನೇ ಪುಟದಲ್ಲಿದ್ದೆ.

ಅವನ ವಿಷಯ ಮನೆಗೆ ಬಂದ ಮೇಲೆ ನೆನಪಾಯಿತು. ನಾಳೆ ಯೋಚಿಸುತ್ತೇನೆ, ಬಿಡುವುದಿಲ್ಲ. ನಾಳೆ ಆಗುವುದಿಲ್ಲ, ನಾಳೆ ಸ್ನೇಹಲಳ ನಾಲ್ಕನೇ ಅಧ್ಯಾಯ ಬರುತ್ತದೆ.